ಐದು ಬೀರು, ಐದು ಪುಸ್ತಕ

ಮಾರ್ಚ್ 3, ಸೋಮವಾರ

ಅಣ್ಣ,

ತಲೆಗೆ ಪೆಟ್ಟು ಬಿದ್ದು ಏಳೇ ದಿನವಾಗಿದ್ದ ಹುಡುಗಿಯನ್ನು ನಮ್ಮ ಕ್ಲಬ್ ನಿನ್ನೆ ಮತ್ತೆ ಆಟಕ್ಕೆ ಇಳಿಸಿತು. ಇದು ತಪ್ಪು. ಕ್ಷೇಮಸಮಾಚಾರ ಆಮೇಲೆ.

ನಿನಗೆ ಅವಳು ಗೊತ್ತಿಲ್ಲ, ನೀನು ಹೋದ ಮೇಲೆ ಸೇರಿದವಳು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ನಾವು ಬನ್ನು ಎಂದು ಕರೆಯುತ್ತೇವೆ. ಕರೆದರೆ ಬೈಯುತ್ತಾಳೆ, ಕರೆಯದಿದ್ದರೆ ಮುನಿಸಿಕೊಳ್ಳುತ್ತಾಳೆ. ನಮ್ಮ ಹೆಂಗಸರ ರಗ್ಬಿ ತಂಡದಲ್ಲಿ ಅವಳ ಹಾಗೆ ಓಡುವವರ ಕಾಲು ತಬ್ಬಿ ಕೆಡಹುವವರು ಇನ್ನೊಬ್ಬರಿಲ್ಲ. ಫೆಬ್ರವರಿ 23ರ ಪಂದ್ಯದಲ್ಲಿ ಹಾಗೆ ಕೆಡಹುವಾಗ ಎದುರಾಳಿಯ ಮೊಣಕಾಲು ಅವಳ ಕಿವಿಯ ಮೇಲೆ ಬಡಿಯಿತು. ಎದ್ದವಳು ನೇರವಾಗಿ ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಕೋಚ್ ಅವಳನ್ನು ಹೊರಗೆ ಕೂರಿಸಿ ರಗ್ಬಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಹೆಸರು ಬರೆದರು. ಮೂರು ವಾರ ವಿಶ್ರಾಂತಿ.

ನಿನ್ನೆ ಅದೇ ಮೈದಾನದಲ್ಲಿ, ಫುಟ್‌ಬಾಲ್ ವಿಭಾಗದ ಪಂದ್ಯದಲ್ಲಿ, ಬನ್ನು ಗೋಲಿನ ಮುಂದೆ ನಿಂತಿದ್ದಳು! ಆಟ ಮುಗಿದ ಮೇಲೆ ನಲ್ಲಿಯ ಹಿಂದೆ ಬಗ್ಗಿ ವಾಂತಿ ಮಾಡಿಕೊಂಡಳು. ನಾನು ಬೆನ್ನು ನೀವಿದೆ. "ಬೆಳಿಗ್ಗೆ ಹಳೇ ಕ್ರೀಮು ತಿಂದಿದ್ದೆ ಕಣೇ. ಯಾರಿಗೂ ಹೇಳ್ಬೇಡ" ಎಂದಳು.

ಹೇಗಾಯಿತು ಎಂದು ನಿನಗೆ ವಿವರಿಸಬೇಕಿಲ್ಲ. ಅದೇ ಉದ್ದನೆಯ ತಗಡಿನ ಶೆಡ್ಡು, ಅದೇ ಐದು ಬೀರು. ರಗ್ಬಿಗೊಂದು, ಫುಟ್‌ಬಾಲಿಗೊಂದು, ಈಜಿಗೊಂದು, ಟೇಬಲ್ ಟೆನಿಸ್‌ಗೊಂದು, ಬಿಲ್ಲುಗಾರಿಕೆಗೊಂದು. ಐದು ಬೀಗ, ಐದು ಬೀಗದ ಕೈ, ಐದು ಕಾರ್ಯದರ್ಶಿಗಳು, ಒಳಗೆ ಐದು ಪುಸ್ತಕ. ಒಂದರಲ್ಲಿ ಬರೆದದ್ದನ್ನು ಇನ್ನೊಬ್ಬರು ಓದುವಂತಿಲ್ಲ. ರಗ್ಬಿ ಪುಸ್ತಕದಲ್ಲಿ ಬನ್ನು ರೋಗಿ. ಎರಡು ಅಡಿ ಆಚೆಯ ಫುಟ್‌ಬಾಲ್ ಪುಸ್ತಕದಲ್ಲಿ ಅವಳು ಗಟ್ಟಿಮುಟ್ಟು. ತಲೆ ಮಾತ್ರ ಒಂದೇ.

ಕೋಚ್‌ಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ. ಕೆಂಪು ಶಾಯಿಯಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಅಚ್ಚುಮನೆಯಲ್ಲಿ ಕರಪತ್ರಗಳನ್ನು ಮಡಚುತ್ತಾ ಓದಿ ನಾನು ಕಲಿತದ್ದು ಇಷ್ಟು: ಅನ್ಯಾಯಕ್ಕೆ ಮೊದಲು ಹೆಸರಿಡಬೇಕು, ಆಮೇಲೆ ಸಾಕ್ಷಿ ಹಿಡಿಯಬೇಕು, ಆಮೇಲೆ ಸಭೆಯಲ್ಲಿ ಎದ್ದು ನಿಲ್ಲಬೇಕು. ಹೆಸರಿಟ್ಟಾಯಿತು. ಸರ್ವಸದಸ್ಯರ ಸಭೆ ಏಪ್ರಿಲ್ 5, ಶನಿವಾರ ಸಂಜೆ ನಾಲ್ಕಕ್ಕೆ. ಐದೂ ವಿಭಾಗಕ್ಕೆ ಒಂದೇ ಪುಸ್ತಕ ಇರಬೇಕು, ಅದು ಬೀಗವಿಲ್ಲದೆ ಮೇಜಿನ ಮೇಲಿರಬೇಕು ಎಂದು ನಾನು ಠರಾವು ತರುತ್ತಿದ್ದೇನೆ.

ಸಾಕ್ಷಿ ನೀನು. ಏಳು ವರ್ಷದ ಹಿಂದೆ ನೀನು ಗಂಡಸರ ತಂಡದ ನಾಯಕನಾಗಿದ್ದಾಗ ನಿನಗೂ ಹೀಗೇ ಪೆಟ್ಟು ಬಿದ್ದಿತ್ತು. ನನಗಾಗ ಹದಿನೈದು, ಎಲ್ಲ ನೆನಪಿದೆ. ಮನೆಯೊಳಗೇ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದೆ. ಅಮ್ಮ ಹೊಲಿಗೆ ಯಂತ್ರ ತುಳಿದರೆ "ನಿಲ್ಸಮ್ಮಾ" ಎಂದು ಕಿರುಚುತ್ತಿದ್ದೆ. ಪೆಟ್ಟಾದ ಮೇಲೂ ಕೋಚ್ ನಿನ್ನನ್ನು ಆಡಿಸಿದರೆಂದು ಬೀದಿಯೆಲ್ಲ ಆಡಿಕೊಂಡಿತ್ತು. ತಿಂಗಳೊಳಗೆ ನೀನು ಊರು ಬಿಟ್ಟೆ. ನಡೆದದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕಳಿಸು. ನಾನು ಸಭೆಯಲ್ಲಿ ಓದುತ್ತೇನೆ. ಇಲ್ಲವೆ ಫೋನ್ ಮಾಡು, ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ.

ಬನ್ನು ಮುಂದಿನ ಪಂದ್ಯಕ್ಕೂ ಹೆಸರು ಕೊಟ್ಟಿದ್ದಾಳೆ. ಬೇಗ.

ನಿನ್ನ ತಂಗಿ


ಮಾರ್ಚ್ 9, ಭಾನುವಾರ

ಮೆಣಸಿನಕಾಯಿ,

ನಿನ್ನ ಪತ್ರ ಒಡೆದಾಗಲೇ ಕಣ್ಣಿಗೆ ಖಾರ ಬಡಿಯಿತು. ಏಳು ವರ್ಷವಾದರೂ ನಿನ್ನ ಅಕ್ಷರ ದಪ್ಪಗಾಗಿಲ್ಲ, ಕೋಪ ಮಾತ್ರ ದಪ್ಪಗಾಗಿದೆ.

ನಾನು ಚೆನ್ನಾಗಿದ್ದೇನೆ. ಕಂಟೇನರ್ ಯಾರ್ಡಿನಲ್ಲಿ ಈಗ ದೊಡ್ಡ ಕ್ರೇನು ಕೊಟ್ಟಿದ್ದಾರೆ. ಏಣಿಗೆ ನೂರಾ ಹನ್ನೆರಡು ಮೆಟ್ಟಿಲು. ಒಮ್ಮೆ ಹತ್ತಿದರೆ ನಾಲ್ಕು ಗಂಟೆ ಇಳಿಯುವಂತಿಲ್ಲ. ಮೇಲಿನ ಗೂಡಿಗೆ ಗಾಜಿನ ಗೋಡೆ, ನೆಲವೂ ಗಾಜು. ಕಾಲಸಂದಿಯಲ್ಲಿ ನೋಡಿದರೆ ಕೆಳಗೆ ಸಿಗ್ನಲ್ ಕೊಡುವವನ ಹಳದಿ ಹೆಲ್ಮೆಟ್ಟು ಗುಂಡುಸೂಜಿಯ ತಲೆಯಷ್ಟು ಕಾಣುತ್ತದೆ. ಒಳ್ಳೆಯವನು. ಎರಡು ಮಕ್ಕಳ ತಂದೆ. ಅವನು ಕೈ ಎತ್ತಿದರೆ ಎತ್ತಬೇಕು, ಇಳಿಸಿದರೆ ಇಳಿಸಬೇಕು. ಮನೆಯಲ್ಲಿ ನಿನ್ನ ಮಾತು ಕೇಳಿ ಬೆಳೆದವನಿಗೆ ಇದೇನು ಕಷ್ಟವಲ್ಲ.

ಆ ಹುಡುಗಿಯ ವಿಷಯ ಓದಿ ಮನಸ್ಸಿಗೆ ಸರಿ ಅನ್ನಿಸಲಿಲ್ಲ. ಅವಳನ್ನು ಆಡಲು ಬಿಡಬೇಡ. ಹೇಗಾದರೂ ಮಾಡಿ ತಡಿ. ಬೈದರೂ ಪರವಾಗಿಲ್ಲ, ಬೂಟು ಬಚ್ಚಿಟ್ಟರೂ ಪರವಾಗಿಲ್ಲ. ವಾಂತಿ ಕ್ರೀಮಿನಿಂದ ಬಂದದ್ದಲ್ಲ.

ಆದರೆ ಕೋಚ್‌ರನ್ನು ಬಿಟ್ಟುಬಿಡು. ಅವರು ಕೆಟ್ಟವರಲ್ಲ. ನನ್ನ ವಿಷಯ ಹಳೆಯದು, ಸರಿಯಾಗಿ ನೆನಪೂ ಇಲ್ಲ. ನೆನಪಿಲ್ಲದ್ದಕ್ಕೆ ಸಹಿ ಹೇಗೆ ಹಾಕಲಿ?

ಫೋನ್ ಬೇಡ. ಇಲ್ಲಿ ಸದಾ ಗದ್ದಲ, ಏನೂ ಕೇಳಿಸುವುದಿಲ್ಲ. ಪತ್ರವೇ ಇರಲಿ. ಪತ್ರವಾದರೆ ತಪ್ಪಿದ್ದನ್ನು ಹೊಡೆದುಹಾಕಿ ಮತ್ತೆ ಬರೆಯಬಹುದು.

ಅಮ್ಮನ ಹೊಲಿಗೆ ಯಂತ್ರದ ಬೆಲ್ಟು ಬದಲಾಯಿಸಿದಿರಾ? ಕಳೆದ ಸಲ ಬಂದಾಗ ಸವೆದಿತ್ತು.

ನಿನ್ನ ಅಣ್ಣ


ಮಾರ್ಚ್ 13, ಗುರುವಾರ

ಅಣ್ಣ,

ಬೆಲ್ಟು ಬದಲಾಯಿಸಿ ಎರಡು ತಿಂಗಳಾಯಿತು. ಅಮ್ಮ ಈಗ ತಂಡದ ಹರಿದ ಜೆರ್ಸಿಗಳನ್ನೆಲ್ಲ ಅದರಲ್ಲೇ ಹೊಲಿಯುತ್ತಾಳೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ? ಈಗ ನನ್ನ ಪ್ರಶ್ನೆಗೆ ಕೊಡು.

"ನೆನಪಿಲ್ಲ." ಎಷ್ಟು ಅನುಕೂಲದ ಮಾತು! ಮೆಟ್ಟಿಲು ನೂರಾ ಹನ್ನೆರಡು ಎಂದು ನೆನಪಿರುತ್ತದೆ, ಸವೆದ ಬೆಲ್ಟು ನೆನಪಿರುತ್ತದೆ, ನಿನ್ನ ತಲೆಗೆ ಆದದ್ದು ನೆನಪಿರುವುದಿಲ್ಲ. ಹೆದರಿದ್ದೀಯ ಎಂದು ನೇರವಾಗಿ ಬರೆದಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲ. ಕೋಚ್ ನಿನಗೆ ಗುರುವಾಗಿರಬಹುದು. ಗುರುಗಳ ತಪ್ಪಿಗೆ ಶಿಷ್ಯರು ಸುಮ್ಮನಿದ್ದೇ ತಪ್ಪು ಪದ್ಧತಿಯಾಗುವುದು. ಇದು ಯಾವ ಕರಪತ್ರದಲ್ಲೂ ಇಲ್ಲ, ನಾನೇ ಯೋಚಿಸಿದ್ದು.

ಕಾರ್ಯದರ್ಶಿಗಳ ಮನೆಮನೆಗೆ ಹೋಗಿ ಬಂದೆ. ಫುಟ್‌ಬಾಲ್ ಕಾರ್ಯದರ್ಶಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು.

"ನೋಡಮ್ಮ, ನಮ್ಮ ಪುಸ್ತಕದಲ್ಲಿ ಆಕೆ ಹೆಸರಿನ ಮುಂದೆ ಏನೂ ಇಲ್ಲ. ಇಲ್ಲದ್ದನ್ನ ನಾನು ಹೇಗೆ ಓದ್ಲಿ?"

"ರಗ್ಬಿ ಪುಸ್ತಕದಲ್ಲಿದೆಯಲ್ಲ ಸಾರ್."

"ಅದರ ಬೀಗದ ಕೈ ನನ್ನ ಹತ್ರ ಇದ್ಯಾ? ಹತ್ತು ವರ್ಷದಿಂದ ಕೇಳ್ತಿದೀನಿ, ಆ ರಗ್ಬಿಯವರು ನಮ್ಮ ಬೀರು ಮೇಲೆ ಕೆಸರು ಬೂಟು ಇಡೋದು ಬಿಡಲಿ, ಆಮೇಲೆ ಪುಸ್ತಕದ ಮಾತು."

ಬಿಲ್ಲುಗಾರಿಕೆಯ ಮುದುಕಮ್ಮ ಮಾತ್ರ ಟೀ ಕೊಟ್ಟರು. ಕೊಟ್ಟು ಹೇಳಿದರು: "ನಮ್ಮ ವಿಭಾಗದಲ್ಲಿ ತಲೆಗೆ ಪೆಟ್ಟು ಬಿದ್ದೋರು ಯಾರೂ ಇಲ್ಲ ಮಗಳೇ. ಬಿದ್ರೆ ಬಂದು ಪುಸ್ತಕದಲ್ಲಿ ಬರೆಸೋಕೆ ಉಳಿಯಲ್ಲ." ತಾವೇ ನಕ್ಕರು. ಈಜಿನವರಿಗೂ ಟೇಬಲ್ ಟೆನಿಸ್‌ನವರಿಗೂ ಒದ್ದೆ ಟವೆಲು ಒಣಗಿಸುವ ವಿಷಯಕ್ಕೆ ಎರಡು ವರ್ಷದಿಂದ ಮಾತಿಲ್ಲ. ಇಂಥವರನ್ನು ಒಂದು ಪುಸ್ತಕಕ್ಕೆ ತರಬೇಕು ನಾನು.

ಕೆಲಸ ಮುಗಿದ ಮೇಲೆ ಯಜಮಾನರ ಒಪ್ಪಿಗೆ ಪಡೆದು ಉಳಿದ ಕಾಗದದಲ್ಲಿ ಇನ್ನೂರು ಕರಪತ್ರ ಅಚ್ಚು ಹಾಕಿದೆ. ಮೇಲೆ ದಪ್ಪಕ್ಷರದಲ್ಲಿ: "ಐದು ಪುಸ್ತಕ, ಒಂದೇ ತಲೆ." ಜನ ಓದುತ್ತಾರೆ, ಮಡಚಿ ಜೇಬಿಗಿಡುತ್ತಾರೆ, ಅಷ್ಟೇ. "ಹೀಗೆ ಯಾರಿಗಾದ್ರೂ ನಿಜವಾಗ್ಲೂ ಕೆಟ್ಟದ್ದಾಗಿದ್ಯಾ?" ಎಂದು ಕೇಳುತ್ತಾರೆ. ಅಲ್ಲಿ ನಿನ್ನ ಹೆಸರು ಹೇಳಬೇಕು. ನೀನು ಸಹಿ ಹಾಕುವುದಿಲ್ಲ.

ಬನ್ನು ಮೊನ್ನೆ ಅಭ್ಯಾಸದಲ್ಲಿ ಬೆಳಕಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಮೋಡ ಕವಿದಿತ್ತು ಅಣ್ಣ.

ತಂಗಿ


ಮಾರ್ಚ್ 18, ಸೋಮವಾರ

ಮೆಣಸಿನಕಾಯಿ,

ಚಿಕ್ಕ ಪತ್ರ. ಕೋಪ ಮಾಡಬೇಡ. ಈ ವಾರ ಕೆಲಸ ಜಾಸ್ತಿ. ಒಂದು ಕಂಟೇನರ್ ಡಬ್ಬ ತಪ್ಪು ಸಾಲಿಗೆ ಇಳಿಯಿತು. ಸಿಗ್ನಲ್‌ನವನು ಎರಡೂ ಕೈ ಅಡ್ಡ ಬೀಸುತ್ತಿದ್ದ, ನನಗೆ ಕಾಣಲಿಲ್ಲ. ಕಂಡಿತು, ಆದರೆ ತಡವಾಗಿ. ನಾನು ಕೆಳಗಿಳಿದ ಮೇಲೆ ಅವನು "ಏನಣ್ಣೋ, ನಿದ್ದೆಯಾ?" ಎಂದ. ಇಬ್ಬರೂ ನಕ್ಕೆವು. ಫೋರ್‌ಮನ್ ನಗಲಿಲ್ಲ.

ಏಣಿಯ ಮಧ್ಯದಲ್ಲಿ ನಿಂತು ಸ್ವಲ್ಪ ಸುಧಾರಿಸಿಕೊಳ್ಳುವ ಅಭ್ಯಾಸವಾಗಿದೆ. ವಯಸ್ಸು. ಮೂವತ್ತಾಯಿತಲ್ಲ.

ಆ ಬೇಕರಿಯ ಹುಡುಗಿ ಬೆಳಕಿಗೆ ಕೈ ಅಡ್ಡ ಹಿಡಿದಳು ಎಂದು ಬರೆದಿದ್ದೀಯ. ಅದನ್ನು ನಾಲ್ಕು ಸಲ ಓದಿದೆ. ಅವಳ ಮನೆಯವರಿಗೆ ಹೇಳು. ಅವಳನ್ನು ಕೇಳದೆ ಹೇಳು.

ನನ್ನ ಹೆಸರು ಎಲ್ಲೂ ಹಾಕಬೇಡ. ಕೈ ಮುಗಿದು ಕೇಳುತ್ತೇನೆ.

ಅಮ್ಮನ ಯಂತ್ರದ ಬೆಲ್ಟು ಸವೆದಿತ್ತಲ್ಲ, ಬದಲಾಯಿಸಿದಿರಾ?

ಅಣ್ಣ


ಮಾರ್ಚ್ 24, ಸೋಮವಾರ

ಅಣ್ಣ,

ನನ್ನನ್ನು ಗೇಲಿ ಮಾಡುತ್ತಿದ್ದೀಯ ಎಂದು ಗೊತ್ತಾಯಿತು. ಬೆಲ್ಟು, ಬೆಲ್ಟು! ಬದಲಾಯಿಸಿದ್ದೇವೆ ಎಂದು ಹೋದ ಪತ್ರದ ಮೊದಲ ಸಾಲಿನಲ್ಲೇ ಬರೆದಿದ್ದೆ. ನನ್ನ ಪತ್ರ ಓದದೆ ಉತ್ತರ ಬರೆಯುತ್ತೀಯೋ ಅಥವಾ ಮಾತು ಮರೆಸಲು ಕೇಳುತ್ತೀಯೋ? ಹದಿನೆಂಟನೇ ತಾರೀಖು ಸೋಮವಾರವೂ ಅಲ್ಲ, ಮಂಗಳವಾರ. ಅಷ್ಟು ಎತ್ತರದಲ್ಲಿ ವಾರಗಳೂ ಬೇರೆಯೇನೋ.

ಬನ್ನುವಿನ ಮನೆಗೆ ಹೋದೆ. ಅವಳ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಮರುದಿನ ಬನ್ನು ಅಚ್ಚುಮನೆಗೇ ಬಂದಳು. ಮೊಣಕೈವರೆಗೆ ಹಿಟ್ಟು, ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಯಾರು ನಿನ್ನ ಕೇಳಿದ್ದು?" ಎಂದಳು.

"ನಿನ್ನ ಒಳ್ಳೇದಕ್ಕೇ ಕಣೇ."

"ನನ್ನ ಒಳ್ಳೇದು! ಬೆಳಿಗ್ಗೆ ನಾಲ್ಕರಿಂದ ಒಲೆ ಮುಂದೆ ನಿಂತಿರ್ತೀನಿ. ವಾರಕ್ಕೊಂದ್ಸಲ ಆ ಗೋಲಿನ ಮುಂದೆ ನಿಂತಾಗ ಮಾತ್ರ ಯಾರೂ ನನಗೆ ಟ್ರೇ ತಾ ಅನ್ನಲ್ಲ. ಅದನ್ನೂ ಕಿತ್ಕೋ. ಕಿತ್ಕೊಂಡು ನಾಲ್ಕು ಸಾಲು ಅಚ್ಚು ಹಾಕು. ಇದು ನನ್ನ ತಲೆ, ನಿನ್ನ ಕರಪತ್ರ ಅಲ್ಲ."

ಅವಳು ಹೋದ ಮೇಲೆ ಕಟಿಂಗ್ ಯಂತ್ರದ ಮೇಲೆ ಐದು ಬೆರಳಿನ ಹಿಟ್ಟಿನ ಗುರುತಿತ್ತು. ಒರೆಸಲು ಮನಸ್ಸಾಗಲಿಲ್ಲ. ಇದೇ 30ಕ್ಕೆ ಫುಟ್‌ಬಾಲ್ ಸೆಮಿಫೈನಲ್. ಅವಳು ಆಡುತ್ತಾಳೆ. ಪೆಟ್ಟಾಗಿ ಮೂರು ವಾರ ಕಳೆದಿದೆ, ನಿಜ. ಆದರೆ ಆ ಮೂರು ವಾರದಲ್ಲಿ ಒಂದು ದಿನವೂ ಅವಳು ವಿಶ್ರಾಂತಿ ತೆಗೆದುಕೊಂಡಿಲ್ಲ. ಅವತ್ತು ಅಚ್ಚುಮನೆಯಲ್ಲಿ ಅವಳು ನನ್ನ ಹೆಸರು ಹಿಡಿದು ಕರೆಯುವ ಬದಲು ತನ್ನ ತಂಗಿಯ ಹೆಸರು ಹಿಡಿದು ಕರೆದಳು. ಎರಡು ಸಲ.

ಇನ್ನು ಕಾಯಲು ಆಗಲಿಲ್ಲ. ಎರಡನೇ ಕರಪತ್ರ ಅಚ್ಚು ಹಾಕಿದೆ, ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ಹೆಸರಿಲ್ಲ, "ಹಿಂದಿನ ನಾಯಕ" ಎಂದಷ್ಟೇ ಇದೆ. ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಪೆಟ್ಟು ಬಿದ್ದವನನ್ನು ಕೋಚ್ ಮತ್ತೆ ಆಡಿಸಿ ಊರು ಬಿಡುವಂತೆ ಮಾಡಿದರು ಎಂದು ಬರೆದಿದ್ದೇನೆ. ಈ ಸಲ ಜನ ಮಡಚಿ ಜೇಬಿಗಿಡಲಿಲ್ಲ. ಶೆಡ್ಡಿನ ಮುಂದೆ ಗುಂಪು ಸೇರಿತ್ತು. ಕೋಚ್ ಎರಡು ದಿನದಿಂದ ಅಭ್ಯಾಸಕ್ಕೆ ಬಂದಿಲ್ಲ. ತಮ್ಮ ಸೈಕಲ್ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತಿರುತ್ತಾರಂತೆ.

ಗೆದ್ದ ಹಾಗೆ ಅನ್ನಿಸಬೇಕಿತ್ತು. ಯಾಕೋ ರಾತ್ರಿ ಊಟ ಸೇರುತ್ತಿಲ್ಲ. ಈಗಲಾದರೂ ಬರಿ.

ತಂಗಿ


ಮಾರ್ಚ್ 28, ಶುಕ್ರವಾರ
(ಕ್ಯಾಂಟೀನಿನ ಕ್ಯಾಲೆಂಡರ್ ನೋಡಿ ಬರೆದೆ)

ತಂಗಿ,

ಕರಪತ್ರ ತಲುಪಿತು. ನೀನು ಅದರಲ್ಲಿ ಬರೆದದ್ದು ಸುಳ್ಳು.

ನಡೆದದ್ದು ಹೀಗೆ. ನನಗೆ ಪೆಟ್ಟು ಬಿದ್ದಿದ್ದು ಒಂದು ಭಾನುವಾರ. ಕೋಚ್ ನನ್ನನ್ನು ಹೊರಗೆ ಕೂರಿಸಿದರು. ಮೂರು ವಾರ ಅಂದರು. ನಾನು ಜಗಳ ಆಡಿದೆ, ಕೆಟ್ಟ ಮಾತೂ ಆಡಿದೆ. ಅವರು ನನ್ನ ಬೂಟು ಎತ್ತಿ ರಗ್ಬಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಮೂರು ವಾರ ಆದ್ಮೇಲೆ ಬಾ, ಕೊಡ್ತೀನಿ" ಅಂದರು.

ಬುಧವಾರ ಸಂಜೆ ನಾನು ಪಕ್ಕದ ಬೀರುವಿಗೆ ಹೋದೆ. ಫುಟ್‌ಬಾಲಿನವರಿಗೆ ಗೋಲಿಗೆ ಜನ ಇರಲಿಲ್ಲ. ಅವರ ಬೂಟು, ಅವರ ಕೈಗವಸು. ಅವರ ಪುಸ್ತಕದಲ್ಲಿ ನನ್ನ ಹೆಸರು ಚೊಕ್ಕವಾಗಿತ್ತು. ಕೋಚ್ ಅವತ್ತು ಊರಲ್ಲೇ ಇರಲಿಲ್ಲ. ಚೆಂಡಿಗೆ ಹಾರಿದಾಗ ತಲೆ ಗೋಲಿನ ಕಂಬಕ್ಕೆ ಬಡಿಯಿತು. ಅದೇ ಪಕ್ಕ. ಎದ್ದು ನಕ್ಕುಬಿಟ್ಟೆ. ಮನೆಯಲ್ಲಿ ಭಾನುವಾರದ ಪೆಟ್ಟೆಂದೇ ಹೇಳಿದೆ. ಬೀದಿಯವರು ಕೋಚ್ ಮೇಲೆ ಆಡಿಕೊಂಡಾಗ ಸುಮ್ಮನಿದ್ದೆ. ಬಾಯಿ ಬಿಟ್ಟಿದ್ದರೆ ನನ್ನ ತಪ್ಪು ಹೊರಗೆ ಬರುತ್ತಿತ್ತು. ಮೂರು ವಾರವಾದ ಮೇಲೂ ಬೂಟು ತರಲು ಹೋಗಲಿಲ್ಲ. ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ಇನ್ನೊಂದು ವಿಷಯ. ಇದನ್ನು ಬರೆಯಲು ಒಂದು ರಾತ್ರಿಯಿಡೀ ಹಿಡಿಯಿತು.

ನಾನು ನಿನ್ನನ್ನು ಗೇಲಿ ಮಾಡಲಿಲ್ಲ. ಬೆಲ್ಟಿನ ವಿಷಯ ಕೇಳಿದ್ದೇ ನೆನಪಿಲ್ಲ. ನಿನ್ನ ಪತ್ರ ಓದಿ ನನ್ನ ಕರಡು ಹಾಳೆಗಳನ್ನು ತೆಗೆದು ನೋಡಿದೆ. ಎರಡರಲ್ಲೂ ಇದೆ, ಹೆಚ್ಚುಕಡಿಮೆ ಅದೇ ಮಾತಿನಲ್ಲಿ. ಈ ಪತ್ರದ ಕರಡಿನಲ್ಲೂ ಇತ್ತು, ಹೊಡೆದುಹಾಕಿದೆ. ನಾನು ಈಗ ಎಲ್ಲವನ್ನೂ ಕರಡು ಮಾಡಿಕೊಂಡೇ ಬರೆಯುವುದು. ಫೋನ್ ಬೇಡ ಅಂದದ್ದು ಗದ್ದಲಕ್ಕಲ್ಲ. ಮಾತಾಡುತ್ತಾ ಇರುವಾಗ ಪದ ಕೈ ಬಿಟ್ಟುಹೋಗುತ್ತದೆ. ಅದು ನಿನಗೆ ಕೇಳಿಸಬಾರದಿತ್ತು. ಒಂದು ವರ್ಷದಿಂದ ಹೀಗೆ. ತಲೆನೋವು ಅದಕ್ಕೂ ಹಿಂದಿನದು. ಡಾಕ್ಟರಿಗೆ ತೋರಿಸಿಲ್ಲ. ತೋರಿಸಿದರೆ ಕ್ರೇನಿನಿಂದ ಇಳಿಸುತ್ತಾರೆ. ಇದು ಆ ಪೆಟ್ಟಿನದೇ ಎಂದು ನನಗೆ ಗೊತ್ತಿಲ್ಲ. ಆದರೆ ನೀನು ಬನ್ನು ಬಗ್ಗೆ ಬರೆದ ಒಂದೊಂದು ಸಾಲೂ ನನ್ನನ್ನು ನೋಡಿ ಬರೆದ ಹಾಗಿತ್ತು.

ಆ ಡಬ್ಬ ತಪ್ಪು ಸಾಲಿಗೆ ಇಳಿದ ದಿನ ಕೆಲವು ಕ್ಷಣ ನನಗೆ ಯಾವ ಸನ್ನೆಕೋಲು ಎತ್ತುತ್ತದೆ, ಯಾವುದು ಇಳಿಸುತ್ತದೆ ಎಂದು ಗೊತ್ತಾಗಲಿಲ್ಲ. ಎಂಟು ಟನ್ ಗಾಳಿಯಲ್ಲಿತ್ತು. ಗಾಜಿನ ನೆಲದಲ್ಲಿ ಹಳದಿ ಹೆಲ್ಮೆಟ್ಟು ಕಾಣುತ್ತಿತ್ತು. ಅವನು ಕೈ ಬೀಸುತ್ತಿದ್ದ. ಅವನು ಯಾರೆಂದು ಮಾತ್ರ ನೆನಪಿತ್ತು.

ಇವತ್ತೂ ಹತ್ತಿದ್ದೆ. ನಾಳೆಯೂ ಪಾಳಿಯಿದೆ. ಹತ್ತಬಾರದು ಅನ್ನಿಸುತ್ತದೆ, ಏಣಿಯ ಹತ್ತಿರ ಹೋದರೆ ಕಾಲು ತಾನಾಗಿ ಹತ್ತುತ್ತದೆ. ಅಮ್ಮನಿಗೆ ಹೇಳಬೇಡ. ಯಾವಾಗ ಏನು ಮಾಡಬೇಕೆಂದು ನಿನಗೆ ಸದಾ ಗೊತ್ತಿರುತ್ತದೆ. ಹೇಳು, ಏನು ಮಾಡಲಿ?

ಅಣ್ಣ


ಮಾರ್ಚ್ 31, ಸೋಮವಾರ

ಅಣ್ಣ,

ನಿನ್ನ ಪತ್ರ ಇವತ್ತು ಬೆಳಿಗ್ಗೆ ಹತ್ತಕ್ಕೆ ಬಂತು. ಹತ್ತೂವರೆಗೆ ನಾನು ನಿನ್ನ ಯಾರ್ಡಿನ ಆಫೀಸಿಗೆ ಫೋನ್ ಮಾಡಿದೆ. ಫೋರ್‌ಮನ್‌ರನ್ನು ಕರೆಸಿ ಎಲ್ಲ ಹೇಳಿದೆ. ಅವರು ಪಾಳಿಯ ಪಟ್ಟಿ ತಿರುವಿದ ಸದ್ದು ಕೇಳಿಸಿತು. ಆಮೇಲೆ "ಈಗ ಮೇಲಿದಾನೆ. ಇಳಿಸ್ತೀನಿ ತಾಯಿ" ಎಂದರು. ಫೋನ್ ಇಡಬೇಡಿ ಎಂದು ಕೇಳಿಕೊಂಡೆ. ಹನ್ನೊಂದು ನಿಮಿಷ ರಿಸೀವರ್ ಕಿವಿಗೆ ಒತ್ತಿಕೊಂಡು ನಿಂತಿದ್ದೆ. ನೂರಾ ಹನ್ನೆರಡು ಮೆಟ್ಟಿಲನ್ನು ನಾನೂ ಎಣಿಸಿದೆ, ಮೂರು ಸಲ. ಕೊನೆಗೆ ಯಾರೋ ಬಂದು "ಇಳಿದ್ರು" ಎಂದರು.

ಆದ್ದರಿಂದ ಈ ಪತ್ರ ಸಿಗುವಾಗ ನೀನು ನೆಲದ ಮೇಲಿರುತ್ತೀಯ, ನನ್ನ ಮೇಲೆ ಉರಿಯುತ್ತಿರುತ್ತೀಯ. ಎರಡು ಸಲ ನಿನ್ನನ್ನು ಕೇಳದೆ ನಿನ್ನ ವಿಷಯ ಹೊರಗೆ ಹಾಕಿದೆ. ಮೊದಲನೆಯದಕ್ಕೆ ಕ್ಷಮೆ ಕೇಳುತ್ತೇನೆ. ಎರಡನೆಯದಕ್ಕೆ ಕೇಳುವುದಿಲ್ಲ.

ಮಧ್ಯಾಹ್ನ ಕೋಚ್ ಅಂಗಡಿಗೆ ಹೋದೆ. ಅರ್ಧ ಬಾಗಿಲಿನಲ್ಲಿ ಬಗ್ಗಿ ಒಳಗೆ ಹೋಗಬೇಕಾಯಿತು. ಅವರು ಚಕ್ರವೊಂದರ ಕಡ್ಡಿ ಬಿಗಿಯುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತೆಲ್ಲ ಮರೆತುಹೋಯಿತು. "ನಾನು ಬರೆದದ್ದು ಸುಳ್ಳು ಸಾರ್" ಎಂದೆ.

"ಗೊತ್ತು" ಎಂದರು.

"ಮತ್ತೆ ಯಾಕೆ ಸುಮ್ನಿದ್ರಿ?"

"ಅವನು ಫುಟ್‌ಬಾಲ್ ಆಡಿದ್ದು ನನಗೂ ಆಮೇಲೆ ತಿಳೀತು. ಬೀರುವಿಗೆ ಬೀಗ ಹಾಕಿದೆ, ಹುಡುಗನ ಜೊತೆ ಕೂತು ಮಾತಾಡ್ಲಿಲ್ಲ. ಪಕ್ಕದ ಬೀರು ತೆರೆದಿದೆ ಅನ್ನೋದು ನನಗೆ ಹೊಳೀಲೇ ಇಲ್ಲ. ಈ ಹುಡುಗಿ ವಿಷಯದಲ್ಲೂ ಹೊಳೀಲಿಲ್ಲ. ಏಳು ವರ್ಷಕ್ಕೆ ಒಂದು ಬುದ್ಧಿ ಬರಬೇಕಿತ್ತಲ್ಲ?" ಚಕ್ರ ತಿರುಗಿಸಿ ನೋಡಿದರು. "ಅವನ ಬೂಟು ಇನ್ನೂ ಅಲ್ಲೇ ಇದೆ. ಮೂರು ವಾರ ಆದ್ಮೇಲೆ ಬಾ ಅಂದಿದ್ದೆ."

ಮೂರನೇ ಕರಪತ್ರ ಅಚ್ಚು ಹಾಕಿದ್ದೇನೆ, ನಾಲ್ಕೇ ಸಾಲು. "ಎರಡನೇ ಕರಪತ್ರದಲ್ಲಿ ಕೋಚ್ ಬಗ್ಗೆ ಬರೆದದ್ದು ಸುಳ್ಳು. ವಿಚಾರಿಸದೆ ಬರೆದವಳು ನಾನು. ಆದರೆ ಐದು ಪುಸ್ತಕ ಈಗಲೂ ತಪ್ಪು. ಒಂದು ಬೇಕು." ಕೆಳಗೆ ನನ್ನ ಸಹಿ. ಐದೂ ಬೀರುಗಳ ಮೇಲೆ ಅಂಟಿಸಿ ಬಂದೆ. ಲೆಕ್ಕದ ಮೇಷ್ಟ್ರು ನಿಂತು ಓದಿ, "ಗೋಂದು ಜಾಸ್ತಿ ಆಯ್ತು, ಬಣ್ಣ ಕಿತ್ತು ಬರುತ್ತೆ" ಎಂದರಷ್ಟೇ.

ಬನ್ನು ನಿನ್ನೆ ಸೆಮಿಫೈನಲ್ ಆಡಿದಳು. ಪೆಟ್ಟೇನೂ ಬೀಳಲಿಲ್ಲ. ನಾನು ಗೋಲಿನ ಹಿಂದೆ ಬಲೆ ಹಿಡಿದು ನಿಂತಿದ್ದೆ, ನನ್ನ ಬೆರಳುಗಳಲ್ಲಿ ಬಲೆಯ ಗುರುತು ಇನ್ನೂ ಇದೆ. ಗೆದ್ದರು. ಅಂದರೆ ಫೈನಲ್ ಇದೆ, ಬರುವ ಭಾನುವಾರ. ಇವತ್ತು ಸಂಜೆ ಬೇಕರಿಗೆ ಹೋಗಿ ನಿನ್ನ ಪತ್ರ ಅವಳ ಕೈಗೆ ಕೊಟ್ಟೆ. ಇದೂ ನಿನ್ನನ್ನು ಕೇಳದೆಯೇ, ಲೆಕ್ಕಕ್ಕೆ ಮೂರಾಯಿತು. ಒಲೆಯ ಬೆಳಕಿನಲ್ಲಿ ನಿಂತು ಓದಿದಳು. ಸನ್ನೆಕೋಲಿನ ಜಾಗಕ್ಕೆ ಬಂದಾಗ ಹಿಂದಕ್ಕೆ ಹೋಗಿ ಇನ್ನೊಮ್ಮೆ ಓದಿದಳು.

"ಇವನಿಗೆ ಈಗ ಹೇಗಿದೆ?" ಎಂದಳು.

"ಇನ್ನೂ ನೋಡಿಲ್ಲ."

ಪತ್ರ ವಾಪಸ್ ಕೊಡಲಿಲ್ಲ. ಏಪ್ರನ್ ಜೇಬಿಗಿಟ್ಟುಕೊಂಡು, "ಶನಿವಾರದ ಸಭೆಗೆ ನೀನು ಇರ್ತೀಯಲ್ಲ?" ಎಂದಳು. ಇರುವುದಿಲ್ಲ ಎಂದೆ. ಅವಳು ನನ್ನನ್ನೇ ನೋಡಿದಳು. ಠರಾವಿನ ಹಾಳೆಯನ್ನು ಬ್ರೆಡ್ ಟ್ರೇ ಪಕ್ಕದಲ್ಲಿಟ್ಟು ಬಂದೆ. ಅವಳು ಅದನ್ನು ಓದುತ್ತಾಳೋ, ಒಲೆಗೆ ಹಾಕುತ್ತಾಳೋ, ಭಾನುವಾರ ಗೋಲಿನ ಮುಂದೆ ನಿಲ್ಲುತ್ತಾಳೋ ನನಗೆ ತಿಳಿಯದು. ಅವಳೂ ಹಾಳೆಯೂ ಒಂದೇ ಕೋಣೆಯಲ್ಲಿವೆ, ಅಷ್ಟು ಮಾತ್ರ ಗೊತ್ತು. ಸಭೆಯಲ್ಲಿ ಎದ್ದು ನಿಲ್ಲಲು ಒಂದು ತಿಂಗಳಿನಿಂದ ಕನ್ನಡಿಯ ಮುಂದೆ ಮಾತಾಡಿ ಅಭ್ಯಾಸ ಮಾಡಿದ್ದೆ ಅಣ್ಣ. ಇರಲಿ.

ಅಮ್ಮನಿಗೆ ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನಿನ್ನ ಹಿಂದಿನ ಪತ್ರಗಳನ್ನು ಅವಳು ಓದಿ ಯಂತ್ರದ ಡ್ರಾಯರಿನಲ್ಲಿ ಒಂದರ ಮೇಲೊಂದಿಟ್ಟಿದ್ದಾಳೆ. ಚೀಲ ತುಂಬುತ್ತಿದ್ದಾಗ ಹಿಂದೆ ಬಂದು ನಿಂತು, "ಬೆಲ್ಟು ಹೊಸದು, ಓಡ್ತಾ ಇದೆ ಅಂತ ನೀನೇ ಬಾಯಿಬಿಟ್ಟು ಹೇಳು. ಕಾಗದದಲ್ಲಿ ಹೇಳಿದ್ರೆ ಅವನಿಗೆ ನಿಲ್ಲಲ್ಲ" ಎಂದಳು. ಎಷ್ಟು ದಿನದಿಂದ ಗೊತ್ತಿತ್ತೋ.

ಈಗ ನೀನು ಮಾಡಬೇಕಾದದ್ದು. ಕೇಳಿದೆಯಲ್ಲ, ಹೇಳುತ್ತೇನೆ. ನನಗೆ ಎಲ್ಲ ಗೊತ್ತಿರುತ್ತದೆ ಎಂಬ ಮಾತನ್ನು ಮಾತ್ರ ಇನ್ನು ಬರೆಯಬೇಡ.

ನಿನ್ನ ಊರಿನ ದೊಡ್ಡ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು ನೋಡಲು ಎರಡು ತಿಂಗಳ ಸಾಲಿದೆ. ಯಾರೋ ಒಬ್ಬರು ಬರುವುದಿಲ್ಲವೆಂದು ಹೇಳಿದ್ದರಿಂದ ಶನಿವಾರ ಬೆಳಿಗ್ಗೆ ಹತ್ತೂವರೆಯ ಹೊತ್ತು ಸಿಕ್ಕಿದೆ. ಈ ಪತ್ರ ನಿನಗೆ ಗುರುವಾರ ತಲುಪಬೇಕು. ಜೊತೆಗೆ ಮೂರು ಚೀಟಿ ಅಚ್ಚು ಹಾಕಿ ಇಟ್ಟಿದ್ದೇನೆ, ಒಂದೊಂದರ ಮೇಲೂ ವಾರದ ಹೆಸರಿದೆ. ಬಾಗಿಲಿಗೆ ಅಂಟಿಸು. ಗುರುವಾರದ್ದನ್ನು ರಾತ್ರಿ ಮಲಗುವ ಮುಂಚೆ ಕಿತ್ತುಹಾಕು, ಮರುದಿನ ಶುಕ್ರವಾರದ್ದನ್ನು. ಉಳಿದದ್ದು ಶನಿವಾರದ್ದು, ಅದನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಾ. ಏಣಿಯ ಕಡೆ ಹೋಗಬೇಡ. ಕೋಪವಿದ್ದರೆ ಕೋಪದಲ್ಲೇ ಬಾ. ಮಾತಿನ ಮಧ್ಯೆ ಪದ ಸಿಗದಿದ್ದರೆ ಸುಮ್ಮನಿರು, ನಾನು ಕಾಯುತ್ತೇನೆ. ನನ್ನ ಕೈಯಲ್ಲಿ ನಿನ್ನ ಬೂಟು ಇರುತ್ತದೆ. ಕೋಚ್ ಬೀರು ತೆಗೆದು ಕೊಟ್ಟಿದ್ದಾರೆ, ಒರೆಸಿ ಹೊಸ ದಾರ ಹಾಕಿದ್ದಾರೆ. ದೂರದಿಂದ ನನ್ನ ಗುರುತು ಸಿಗದಿದ್ದರೆ ಬೂಟು ನೋಡು.

ನಿನ್ನ ಯಾರ್ಡಿನ ಎರಡನೇ ಗೇಟು. ಏಪ್ರಿಲ್ 5, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ.